ಮೊಲದ ಶೆಡ್ಡಿನ ಅಮ್ಮ

ರುದ್ರೇಗೌಡರ ಮೊಲದ ಫಾರಂನಲ್ಲಿ ಮರಿಗಳಿಗೆ ಭೇದಿ ಹತ್ತಿತ್ತು. ಹೊಟ್ಟೆ ಉಬ್ಬಿಸಿಕೊಂಡು ಒಂದೊಂದಾಗಿ ಸಾಯುತ್ತಿದ್ದವು. ಡಾಕ್ಟರು ಬಂದು ಔಷಧಿ ಕೊಟ್ಟು ಹೇಳಿದರು: "ಇದು ಕರುಳು ಸೇರುವ ಪರೋಪಜೀವಿ. ದೊಡ್ಡ ಮೊಲಗಳ ಹಿಕ್ಕೆಯಲ್ಲಿರುತ್ತೆ. ಅದನ್ನು ತುಳಿದ ಚಪ್ಪಲಿಯಲ್ಲಿ ಮರಿಗಳ ಶೆಡ್ಡಿಗೆ ಹೋಗಬೇಡಿ."

ಗೌಡರು ನಕ್ಕರು. "ನನ್ನ ಫಾರಂನಲ್ಲಿ ನಾನು ಚಪ್ಪಲಿ ಬಿಡಬೇಕಾ? ಮೊಲಗಳೇನು ದೇವರಾ?"

ಡಾಕ್ಟರು ಹೋದ ಮೇಲೆ ಆಳು ಪುಟ್ಟತಾಯಮ್ಮನ ಕಡೆ ತಿರುಗಿದರು. "ಇನ್ನೊಂದು ಮರಿ ಸತ್ತರೆ ನಿನಗಿಲ್ಲಿ ಕೆಲಸ ಇಲ್ಲ."

"ಆಗಲಿ ಗೌಡ್ರೇ" ಎಂದಳು ಪುಟ್ಟತಾಯಮ್ಮ. ದೇವರಿಗೆ ಬಿಟ್ಟರೆ ಗೌಡರು ಇನ್ಯಾರಿಗೂ ಚಪ್ಪಲಿ ಬಿಡುವವರಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮಾರನೆಯ ಬೆಳಿಗ್ಗೆ ಮರಿಗಳ ಶೆಡ್ಡಿನ ಬಾಗಿಲು ಗಾಳಿಗೆ ಬಡಿಯದಂತೆ ಇಟ್ಟಿದ್ದ ಕಲ್ಲನ್ನು ತೊಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ಕಣಗಿಲೆ ಹೂವು ಏರಿಸಿದಳು. ಪಕ್ಕದಲ್ಲೊಂದು ಬಕೆಟ್ ನೀರಿಟ್ಟಳು.

ಗೌಡರು ಬಾಗಿಲಲ್ಲೇ ನಿಂತುಬಿಟ್ಟರು. "ಇದ್ಯಾವ ದೇವ್ರೇ ಪುಟ್ಟತಾಯಿ?"

"ಹೊಟ್ಟೆನೋವಿನಮ್ಮ, ಗೌಡ್ರೇ."

"ಕೋಳಿ ಕೇಳ್ತಾಳಾ?"

"ಏನೂ ಕೇಳಲ್ಲ. ಚಪ್ಪಲಿ ದೂರ ಬಿಟ್ಟು, ಕಾಲು ತೊಳ್ಕೊಂಡು ಬಂದ್ರೆ ಸಾಕಂತೆ."

ಗೌಡರು ಗೇಟಿನವರೆಗೂ ಹೋಗಿ ಚಪ್ಪಲಿ ಬಿಟ್ಟು ಬಂದರು. ಕಾಲನ್ನು ಎರಡೆರಡು ಸಲ ತೊಳೆದರು.

ಮರಿಗಳು ಸಾಯುವುದು ನಿಂತಿತು. ಮುಂದಿನ ಸಲ ಡಾಕ್ಟರು ಬಂದಾಗ ಗೌಡರೇ ಓಡಿಬಂದು ಅಡ್ಡ ನಿಂತರು. "ಬೂಟು ಬಿಡಿ ಡಾಕ್ಟ್ರೇ! ಇಲ್ಲಿ ಅಮ್ಮ ಇದ್ದಾಳೆ. ನಿಮ್ಮ ಔಷಧಿ ಕೈಲಾಗದ್ದನ್ನ ಅವಳು ಮಾಡಿದಳು."

ಡಾಕ್ಟರು ಕಲ್ಲನ್ನು ನೋಡಿದರು. ಬಕೆಟ್ಟನ್ನು ನೋಡಿದರು. ಬೂಟು ಬಿಚ್ಚಿ, ಕಾಲು ತೊಳೆದು, ಭಕ್ತಿಯಿಂದ ಕೈ ಮುಗಿದರು. ಆಮೇಲೆ ಪುಟ್ಟತಾಯಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ತಾಯಿ, ಈ ದೇವರನ್ನ ಪಕ್ಕದೂರಿನ ಫಾರಂಗೂ ಕಳಿಸೋಕಾಗುತ್ತಾ?"