ಕೆಂಪು ಆಲೂಗೆಡ್ಡೆಗೆ ಚೌಡವ್ವ ಗುರುತು ಹೇಳಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಎಲ್ಲಿ ಕೂರಬೇಕು ಅಂತ ಬೆಟ್ಟಗಳು ಇನ್ನೂ ಜಗಳ ಆಡುತ್ತಿದ್ದವು. ನದಿಗಳಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ ಒಬ್ಬರ ಮನೆ ಸುದ್ದಿ ಇನ್ನೊಬ್ಬರ ಮನೆಗೆ ಹೊತ್ತು ತಿರುಗುತ್ತಿತ್ತು. ಈಗಲೂ ಅದಕ್ಕೆ ಬೇರೆ ಕೆಲಸವಿಲ್ಲ ಬಿಡಿ.

ಆಗ ಆಲೂಗೆಡ್ಡೆ ಅಂತ ಇದ್ದದ್ದು ಒಂದೇ ಬಗೆ. ಮಣ್ಣುಬಣ್ಣದ ಸಿಪ್ಪೆ, ಒಳಗೆ ಬಿಳಿ. ಬೆಳೆಯುತ್ತಿದ್ದವಳು ಚೌಡವ್ವ. ಊರಲ್ಲಿ ಯಾರ ಒಲೆ ಮೇಲೆ ಸಾರು ಕುದ್ದರೂ ಅದರಲ್ಲಿ ಅವಳ ಹೊಲದ ಗೆಡ್ಡೆಯೇ. ಜನ ಅದನ್ನು ಆಲೂಗೆಡ್ಡೆ ಅಂತ ಕರೆಯುತ್ತಲೇ ಇರಲಿಲ್ಲ, "ಚೌಡವ್ವನ ಗೆಡ್ಡೆ" ಅನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಚೌಡವ್ವ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದಳು.

ಅವಳಿಗೊಬ್ಬಳು ವಾರಗಿತ್ತಿ, ಮೈದುನನ ಹೆಂಡತಿ. ಹೆಸರು ಸಾಕಿ. ಚೌಡವ್ವ ಗೆಡ್ಡೆಯನ್ನು ಹೋಳು ಮಾಡಿ ನೆಡುತ್ತಿದ್ದಳು. ಹಾಗೆ ನೆಟ್ಟರೆ ಹುಟ್ಟುವ ಗೆಡ್ಡೆಯೂ ಥೇಟ್ ತಾಯಿಯ ಹಾಗೇ. ಸಾಕಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಆಲೂಗೆಡ್ಡೆ ಗಿಡದಲ್ಲಿ ಹೂವು ಬಿಟ್ಟು ಉದುರಿದ ಮೇಲೆ ಸುಂಡೆಕಾಯಿಯಂಥ ಹಸಿರು ಕಾಯಿ ಕಟ್ಟುತ್ತದೆ. ವಿಷದ ಕಾಯಿ ಅಂತ ಚೌಡವ್ವ ಅದನ್ನು ಎಸೆಯುತ್ತಿದ್ದಳು. "ಅದರೊಳಗೆ ಬೀಜ ಇರುತ್ತಲ್ಲ, ಅದನ್ನು ಬಿತ್ತಿದರೆ ಏನು ಹುಟ್ಟುತ್ತೆ?" ಅಂತ ಸಾಕಿಯ ಯೋಚನೆ.

ಒಂದು ದಿನ ದುಂಬಿ ಅವಳ ಕಿವಿ ಹತ್ತಿರ ಬಂದು ಗುಂಯ್‌ಗುಟ್ಟಿತು. "ಸಾಕೀ, ಕಾಡಂಚಿನಲ್ಲಿ ಒಂದು ಕಾಡುಗೆಡ್ಡೆ ಇದೆ. ಗೋಲಿಯಷ್ಟು ಸಣ್ಣದು, ಬಾಯಿಗಿಟ್ಟರೆ ಕಹಿ. ಆದರೆ ಬಣ್ಣ ಮಾತ್ರ ಒಳಗೂ ಕೆಂಪು, ಹೊರಗೂ ಕೆಂಪು!"

"ಅದರ ಹೂವಿನ ಪುಡಿ ತಂದು ನಮ್ಮ ಚೌಡವ್ವಕ್ಕನ ಗಿಡದ ಹೂವಿಗೆ ಹಚ್ಚುತ್ತೀಯಾ?" ಎಂದಳು ಸಾಕಿ.

"ನನಗೇನು ಸಿಗುತ್ತೆ?"

"ಆ ಪುಡಿಯನ್ನೇ ಹೊಟ್ಟೆ ತುಂಬ ತಿನ್ನು. ಒಂಚೂರು ಉಳಿಸಿ ತಾ, ಸಾಕು."

ದುಂಬಿ ಒಪ್ಪಿತು. ಕಾಯಿ ಕಟ್ಟಿತು. ಸಾಕಿ ಚೌಡವ್ವನ ಹತ್ತಿರ ಬಂದು, "ಅಕ್ಕಾ, ನಿನ್ನ ಗಿಡದ ಕಾಯಿ ಕಿತ್ಕೊಳ್ಳಲಾ?" ಎಂದು ಕೇಳಿದಳು.

"ಎಸೆಯೋ ಕಾಯಿ ತಾನೆ! ಕಿತ್ಕೊಂಡು ಸರ ಮಾಡಿ ಕೊರಳಿಗೆ ಹಾಕ್ಕೋ ಹೋಗೇ," ಎಂದು ಚೌಡವ್ವ ನಕ್ಕಳು.

ಸಾಕಿ ಬೀಜ ತೆಗೆದು ಬಿತ್ತಿದಳು. ಒಂದು ಗಿಡದ ಗೆಡ್ಡೆ ಇನ್ನೊಂದರ ಹಾಗಿಲ್ಲ! ಒಂದು ಶುಂಠಿಯ ಹಾಗೆ ಸೊಟ್ಟ, ಒಂದು ಕಹಿ, ಒಂದು ಬರೀ ನೀರು. ಸಾಕಿ ಬೇಜಾರು ಮಾಡಿಕೊಳ್ಳಲಿಲ್ಲ. ಕೆಟ್ಟದ್ದನ್ನು ಬಿಟ್ಟಳು, ಒಳ್ಳೆಯದನ್ನು ಆರಿಸಿದಳು, ಮತ್ತೆ ನೆಟ್ಟಳು. ಮತ್ತೆ ಬಿಟ್ಟಳು, ಮತ್ತೆ ಆರಿಸಿದಳು, ಮತ್ತೆ ನೆಟ್ಟಳು. ಹೀಗೇ ಸುಗ್ಗಿಯ ಮೇಲೆ ಸುಗ್ಗಿ ಕಳೆದು, ಕೊನೆಗೊಂದು ಸಲ ಮಣ್ಣು ಕೆದಕಿದರೆ ಗುಂಡಗೆ, ಅಂಗೈ ತುಂಬುವಷ್ಟು ದಪ್ಪಗೆ, ಕೆಂಪಗೆ ಹೊಳೆಯುವ ಗೆಡ್ಡೆ ಸಿಕ್ಕಿತು. ಕೊಯ್ದರೆ ಒಳಗೂ ಕೆಂಪು. ಬೇಯಿಸಿದರೆ ಬೆಣ್ಣೆ.

ಗಾಳಿ ಸುಮ್ಮನಿರುತ್ತದೆಯೇ? ಓಡಿ ಬಂತು. "ಚೌಡವ್ವಾ, ಚೌಡವ್ವಾ! ನಿನ್ನ ವಾರಗಿತ್ತಿ ಕೆಂಪು ಗೆಡ್ಡೆ ಬೆಳೆದಿದ್ದಾಳೆ. ಊರೆಲ್ಲ ಅವಳ ಬಾಗಿಲಲ್ಲೇ ಬಿದ್ದಿದೆ."

"ಬಿದ್ದಿದ್ದರೆ ಬಿದ್ದಿರಲಿ. ನನಗೇನಂತೆ?" ಎಂದಳು ಚೌಡವ್ವ. ಬಾಯಿ ಹಾಗಂದಿತು. ಹೊಟ್ಟೆಯೊಳಗೆ ಧಗ್ ಅಂತ ಹತ್ತಿಕೊಂಡಿತು.

ಮಾರನೆಯ ದಿನ ಎದುರುಮನೆಯವಳು ಬಂದು, ಚೌಡವ್ವನ ಹೊಸ್ತಿಲಲ್ಲೇ ನಿಂತು, "ಸಾಕಿ ಗೆಡ್ಡೆ ಇದ್ದರೆ ನಾಲ್ಕು ಕೊಡವ್ವಾ" ಅಂದಳು. ಸಾಕಿ ಗೆಡ್ಡೆ! ಚೌಡವ್ವನ ಮೈಯೆಲ್ಲ ಉರಿದುಹೋಯಿತು. ಅವಳನ್ನು ಬೈದು ಕಳಿಸಿ, ಒಳಗೆ ಬಂದು ತನ್ನ ಗೆಡ್ಡೆಗಳ ಬುಟ್ಟಿಯನ್ನು ಕಾಲಲ್ಲಿ ತಳ್ಳಿದಳು.

"ನಾವೇನು ಮಾಡಿದೆವವ್ವಾ?" ಎಂದವು ಗೆಡ್ಡೆಗಳು.

"ಏನು ಮಾಡಿದಿರಾ? ಇಷ್ಟು ವರ್ಷ ಮಣ್ಣಲ್ಲಿ ಬಿದ್ದುಕೊಂಡಿದ್ದಿರಲ್ಲ, ಮೈಗೆ ಒಂಚೂರು ಬಣ್ಣ ಹಚ್ಚಿಕೊಳ್ಳೋಕೆ ನಿಮಗೆ ಏನು ದೊಡ್ಡ ರೋಗ ಬಂದಿತ್ತು?"

ಅವತ್ತು ಚೌಡವ್ವ ಒಂದು ತುತ್ತೂ ಉಣ್ಣಲಿಲ್ಲ. ಇನ್ನು ಮೇಲೆ ಊರಿನ ಬಾಯಲ್ಲಿ ತನ್ನ ಹೆಸರೇ ಇರುವುದಿಲ್ಲವಲ್ಲ ಅಂತ ಅವಳ ಸಂಕಟ.

ಆ ಕಾಲದಲ್ಲಿ ಒಂದು ಪದ್ಧತಿ ಇತ್ತು. ಹೊಸ ಬೆಳೆ ಹುಟ್ಟಿದರೆ ಅದನ್ನು ಬದುವಿನ ಮೇಲಿಟ್ಟು ಭೂಮಿತಾಯಿಗೆ ಅದರ ಗುರುತು ಹೇಳಬೇಕು. ಎಲೆ ಹೇಗೆ, ಹೂವು ಹೇಗೆ, ಸಿಪ್ಪೆ ಹೇಗೆ, ಹೀಗೆ ಒಂದೊಂದಾಗಿ. ಹೇಳಬೇಕಾದವರು ಮನೆಯ ಹಿರಿಯರು. ಅವರು ಏನು ಹೇಳಿದರೋ ಅದೇ ಆ ಬೆಳೆಗೆ ಕೊನೆಯವರೆಗೂ ನಿಲ್ಲುತ್ತಿತ್ತು. ಬೆಂಡೆಕಾಯಿಗೆ ಗುರುತು ಹೇಳಿದವನಿಗೆ ಅವತ್ತು ನೆಗಡಿ. ಹಾಗಲಕಾಯಿಗೆ ಗುರುತು ಹೇಳಿದವಳು ಗಂಡನ ಜೊತೆ ಜಗಳ ಆಡಿ ಬಂದಿದ್ದಳು. ಆಮೇಲೆ ಏನಾಯಿತು ಅಂತ ನಾನು ಬೇರೆ ಹೇಳಬೇಕೆ?

ಸಾಕಿಯ ಮನೆಗೆ ಹಿರಿಯಳು ಯಾರು? ಚೌಡವ್ವನೇ! "ಅಕ್ಕಾ, ನೀನೇ ಬಂದು ಗುರುತು ಹೇಳಬೇಕು," ಎಂದು ಸಾಕಿ ಅರಿಶಿನ ಕುಂಕುಮ ಕೊಟ್ಟು ಕರೆದಳು.

"ಬರ್ತೀನಿ, ಬರ್ತೀನಿ. ಬರದೆ ಇರ್ತೀನಾ?" ಎಂದಳು ಚೌಡವ್ವ. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಹೋದಳು.

ಊರವರೆಲ್ಲ ಬದುವಿನ ಸುತ್ತ ಸೇರಿದರು. ಭೂಮಿತಾಯಿ ಕೇಳಿದಳು: "ಎಲೆ?"

"ಹಸಿರು."

"ಹೂವು?"

"ನೇರಳೆ."

"ಸಿಪ್ಪೆ?"

ಗೆಡ್ಡೆ ಸಾಕಿಯ ಅಂಗೈಯಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಚೌಡವ್ವ ಗತಿಯಿಲ್ಲದೆ, "ಕೆಂಪು" ಅಂದಳು.

"ಒಳಗೆ?"

ಒಳಗಿರುವುದು ಯಾರಿಗೆ ಕಾಣುತ್ತದೆ? ಚೌಡವ್ವ ಕಣ್ಣು ಮಿಟುಕಿಸದೆ ಹೇಳಿದಳು: "ಬಿಳಿ."

"ಹಾಗೇ ಆಗಲಿ," ಎಂದಳು ಭೂಮಿತಾಯಿ.

ಸಾಕಿ ಬೆಚ್ಚಿಬಿದ್ದು ಕುಡುಗೋಲಿನಿಂದ ಗೆಡ್ಡೆ ಕೊಯ್ದಳು. ಒಳಗೆ ಕೆಂಪಿನ ಸುಳಿವೇ ಇಲ್ಲ. ಹೊಲದಲ್ಲಿದ್ದ ಅಷ್ಟೂ ಗೆಡ್ಡೆಗಳು ಒಳಗೊಳಗೇ ಬಿಳುಚಿಕೊಂಡಿದ್ದವು. ಸಾಕಿಯ ಕಣ್ಣಲ್ಲಿ ನೀರು ತುಂಬಿತು. ಅದನ್ನು ನೋಡಿ ಚೌಡವ್ವನ ಹೊಟ್ಟೆ ತಣ್ಣಗಾಯಿತು. ಇನ್ನು ಮೊಳಕೆಯ ಬಣ್ಣ ಒಂದು ಹೇಳುವುದು ಉಳಿದಿತ್ತು. ಮೊಳಕೆಯಿಂದ ತಾನೆ ಮುಂದಿನ ಬೆಳೆ! ಅದನ್ನೂ ಬಿಳಿ ಅಂದುಬಿಟ್ಟರೆ ಸಿಪ್ಪೆಯ ಕೆಂಪೂ ಈ ವರ್ಷಕ್ಕೇ ಮುಗಿಯಿತು, ಸಾಕಿ ಗೆಡ್ಡೆ ಅನ್ನುವ ಮಾತೇ ಅಳಿಸಿಹೋಗುತ್ತದೆ. ಚೌಡವ್ವನ ನಾಲಿಗೆ ತುದಿಗೆ ಮಾತು ಬಂದೇಬಿಟ್ಟಿತ್ತು.

ಸಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಹೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಹೋಗಲಿ ಬಿಡಕ್ಕಾ," ಎಂದಳು. "ಇದು ನಿನ್ನ ಗೆಡ್ಡೆಯ ಬಿಳುಪೇ, ನೋಡಿಲ್ಲಿ. ತಾಯಿ ಕಡೆ ಹೋಗಿದೆ ಮಗು."

"ಯಾವ ತಾಯಿಯೇ?" ಎಂದಳು ಚೌಡವ್ವ.

"ನಿನ್ನ ಗಿಡ ಕಣಕ್ಕಾ! ನಿನ್ನ ಗಿಡದ ಕಾಯಿ ಕಿತ್ತು ತಾನೆ ನಾನು ಬೀಜ ತೆಗೆದದ್ದು. ಹೆತ್ತಿದ್ದು ನಿನ್ನ ಗಿಡ, ನಾನು ಬರೀ ಸಾಕಿದೆ."

ಚೌಡವ್ವ ಆ ಹೋಳನ್ನು ಕೈಗೆ ತೆಗೆದುಕೊಂಡು ನೋಡಿದಳು. ಅಯ್ಯೋ, ಇಷ್ಟು ದಿನ ಕರುಬಿದ್ದು ತನ್ನ ಮನೆಯ ಕೂಸನ್ನು ನೋಡಿಯೇ? ಅದರ ಮೈಯೊಳಗಿನ ಬಣ್ಣ ಕಿತ್ತದ್ದು ತಾನೇ?

"ತಾಯೀ, ಒಳಗೂ ಕೆಂಪು ಅಂತ ಮಾಡಿಬಿಡು," ಎಂದು ಭೂಮಿತಾಯಿಯನ್ನು ಬೇಡಿದಳು.

"ಆಡಿದ್ದು ಆಯಿತು ಚೌಡವ್ವಾ, ತಿದ್ದೋಕಾಗಲ್ಲ. ಮೊಳಕೆ ಹೇಳು."

ಚೌಡವ್ವನ ಹೊಟ್ಟೆಯ ಕಿಚ್ಚು ಅಷ್ಟು ಸುಲಭವಾಗಿ ಆರುತ್ತದೆಯೇ? ಕೆಂಪು ಅಂದರೆ ಊರು ಸಾಕಿಯ ಹೆಸರನ್ನೇ ಹೇಳುತ್ತದೆ. ಬಿಳಿ ಅಂದರೆ ತನ್ನ ಕೂಸೇ ಸಾಯುತ್ತದೆ.

"ಕೆಂಪು," ಎಂದಳು, ಯಾರಿಗೂ ಕೇಳದ ಹಾಗೆ.

"ಏನಂದೆ?"

"ಕೆಂಪು ಅಂದೆನಲ್ಲ! ಕಿವಿ ಮಂದವಾ ನಿನಗೆ?" ಎಂದು ಭೂಮಿತಾಯಿಯನ್ನೇ ಗದರಿಸಿ, ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು.

ಅವಳ ಹೊಟ್ಟೆಕಿಚ್ಚು ಅಂದಿಗೇ ಆರಿತು ಅಂದರೆ ಸುಳ್ಳಾಗುತ್ತದೆ. ಯಾರಾದರೂ "ಸಾಕಿ ಗೆಡ್ಡೆ" ಅಂದರೆ ಸಾಕು, "ಒಳಗಿರೋದು ನಂದು ಕಣ್ರೀ!" ಅಂತ ಬದುಕಿರುವವರೆಗೂ ಕೂಗುತ್ತಲೇ ಇದ್ದಳು.

ಅದಕ್ಕೇ ಕಂದ, ಇವತ್ತಿಗೂ ಕೆಂಪು ಆಲೂಗೆಡ್ಡೆ ಹೆಚ್ಚಿದರೆ ಒಳಗೆ ಬಿಳಿ; ಬುಟ್ಟಿಯ ಮೂಲೆಯಲ್ಲಿ ಮರೆತ ಒಂದೇ ಒಂದು ಗೆಡ್ಡೆ ಮೊಳೆತರೆ, ಅಷ್ಟು ಬಿಳುಪನ್ನೂ ದಾಟಿ ಹೊರಗೆ ಇಣುಕುವ ಮೊಳಕೆ ಮಾತ್ರ ಕೆಂಪು.