ತೊಟ್ಟಿಯಲ್ಲಿಟ್ಟ ಅತಿಥಿ

ಪರದೇಶದಿಂದ ವಿಮಾನದಲ್ಲಿ ಬಂದ ಗೆಂಡೆಮೀನನ್ನು ಸಾಕಣೆದಾರನು ಕೊಳಕ್ಕೆ ಬಿಡದೆ, ದಂಡೆಯ ಮೇಲಿನ ಸಿಮೆಂಟ್ ತೊಟ್ಟಿಯಲ್ಲಿ ಬೇರೆಯಾಗಿಟ್ಟನು. ಇದನ್ನು ಕಂಡ ಕಪ್ಪೆಗೆ ಸಿಟ್ಟು ಬಂತು.

"ಅಷ್ಟು ದೂರದಿಂದ ಬಂದ ಅತಿಥಿಯನ್ನು ಹೊರಗೆ ಕೂರಿಸುತ್ತಾರೆಯೇ? ಎಂಥ ಜನ ನೀವು!" ಎಂದು ಅದು ಕೊಳದ ಮುದಿ ಗೆಂಡೆಯನ್ನು ಕೇಳಿತು.

"ಮನೆಗೆ ಬಂದವರಿಗೆ ಬಾಗಿಲಲ್ಲೇ ಕಾಲು ತೊಳೆಯಲು ನೀರು ಕೊಡುವುದಿಲ್ಲವೇ? ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ. ಅವನಲ್ಲಿ ರೋಗವಿಲ್ಲವೆಂದು ತಿಳಿಯುವವರೆಗೆ ಅಲ್ಲೇ ಇರಲಿ," ಎಂದಿತು ಮುದಿ ಗೆಂಡೆ.

"ರೋಗವೇ? ಮೈ ಹೇಗೆ ಹೊಳೆಯುತ್ತಿದೆ, ನೋಡಿದೆಯಾ ಅಜ್ಜ?"

"ಅವನ ಊರಿನ ರೋಗ ಅವನಿಗೆ ರೂಢಿಯಾಗಿರಬಹುದು. ನಮಗೆ ಆಗಿಲ್ಲ."

ಕಪ್ಪೆಗೆ ಈ ಮಾತು ಹಿಡಿಸಲಿಲ್ಲ. ಅತಿಥಿಗೆ ಬೇಸರವಾಗಬಾರದೆಂದು ಅದು ದಿನವೂ ತೊಟ್ಟಿಗೆ ಹಾರಿ, ಜೊತೆಯಲ್ಲಿ ಈಜಿ, ಹರಟೆ ಹೊಡೆಯಿತು. ಅಲ್ಲಿಂದ ನೇರವಾಗಿ ಕೊಳಕ್ಕೆ ಹಾರಿ, ಅತಿಥಿಯ ಕ್ಷೇಮಸಮಾಚಾರವನ್ನು ಎಲ್ಲರಿಗೂ ಹೇಳಿತು.

ಕೆಲವೇ ದಿನಗಳಲ್ಲಿ ಕೊಳದ ಮೀನುಗಳ ಕಿವಿರು ಕೊಳೆಯತೊಡಗಿತು. ಅವು ಒಂದೊಂದಾಗಿ ಸತ್ತು ತೇಲಿದವು. ತೊಟ್ಟಿಯ ಗೆಂಡೆ ಮಾತ್ರ ಆರಾಮವಾಗಿ ಈಜುತ್ತಿತ್ತು.

ಕಪ್ಪೆ ಓಡೋಡಿ ಮುದಿ ಗೆಂಡೆಯ ಬಳಿಗೆ ಬಂತು. ಅದೂ ಆಗಲೇ ದಂಡೆಗೆ ಒರಗಿ ಏದುಸಿರು ಬಿಡುತ್ತಿತ್ತು.

"ಅಜ್ಜ, ಅವನು ತೊಟ್ಟಿ ಬಿಟ್ಟು ಕದಲಿಲ್ಲ, ಅದಕ್ಕೆ ನಾನೇ ಸಾಕ್ಷಿ. ಮತ್ತೆ ರೋಗ ಇಲ್ಲಿಗೆ ಹೇಗೆ ಬಂತು?"

"ಮೀನಿಗೆ ಕಾಲಿಲ್ಲ, ಮಗು," ಎಂದಿತು ಮುದಿ ಗೆಂಡೆ. "ಕಾಲಿದ್ದದ್ದು ನಿನಗೆ. ಅದನ್ನು ತೊಳೆಯದೆ ಒಳಗೆ ಬಂದವನೂ ನೀನೇ."