ಕರಡಿಯ ನೀಲಿ ಟೋಪಿ

ಅಟ್ಟದ ಮೇಲಿದ್ದ ಹಳೆಯ ಕಪ್ಪು-ಬಿಳುಪು ಟಿವಿಯ ಮುಂದೆ, ಚಿತ್ರ ಬಣ್ಣದಲ್ಲಿ ಕಾಣಲೆಂದು ಹಿಂದೆ ಕಟ್ಟಿದ್ದ ಪ್ಲಾಸ್ಟಿಕ್ ಹಾಳೆಯೊಂದು ಇನ್ನೂ ತೂಗುತ್ತಿತ್ತು. ಅದರ ಮೇಲರ್ಧ ನೀಲಿ, ಕೆಳಗರ್ಧ ಹಸಿರು. ಅಟ್ಟ ಗುಡಿಸಲು ಬಂದ ಅಣ್ಣ ತಂಗಿ ಅದನ್ನು ಕಂಡದ್ದೇ, ಚಿಕ್ಕಂದಿನ ಕಾರ್ಟೂನಿನ ಕರಡಿಯನ್ನು ನೆನೆದು ನಕ್ಕರು.

"ಅದರ ಟೋಪಿ ನೀಲಿ," ಎಂದ ಪಂಪಾಪತಿ.

"ಬೂಟು ಹಸಿರು," ಎಂದಳು ವಿಶಾಲಾ. "ತಾಳು, ಮೊಬೈಲಿನಲ್ಲಿ ಹುಡುಕುತ್ತೇನೆ."

ಮೊಬೈಲ್ ಹಾಳೆಯತ್ತ ತಿರುಗಿ ಹೇಳಿತು: "ಟೋಪಿ ಬಿಳಿ, ಬೂಟು ಹಳದಿ. ಮಕ್ಕಳಿಗೆ ಎಂಥ ಸುಳ್ಳು ಹೇಳಿದೆಯಯ್ಯಾ! ಈಗ ನಿನ್ನ ಬಣ್ಣ ಬಯಲಾಗುತ್ತದೆ."

"ನನ್ನಲ್ಲಿದ್ದದ್ದೇ ಎರಡು ಬಣ್ಣ ಸ್ವಾಮಿ, ಅವನ್ನೇ ಕೊಟ್ಟೆ," ಎಂದಿತು ಹಾಳೆ. ಇನ್ನು ಕಸದ ಬುಟ್ಟಿಯೇ ಗತಿಯೆಂದು ಅದರ ಜೀವ ಬಾಯಿಗೆ ಬಂದಿತ್ತು.

ಮೊಬೈಲಿನ ಪರದೆಯ ಮೇಲೆ ಕರಡಿ ಕುಣಿಯಿತು. ಅಣ್ಣ ತಂಗಿ ಇಬ್ಬರ ಮುಖವೂ ಸಪ್ಪಗಾಯಿತು.

"ಇದು ನಮ್ಮ ಕರಡಿಯಲ್ಲ ಕಣೋ ಅಣ್ಣ."

ಪಂಪಾಪತಿ ಕೈಚಾಚಿ ಹಾಳೆಯನ್ನು ಬಿಚ್ಚಿದ. ಮುಗಿಯಿತೆಂದುಕೊಂಡಿತು ಹಾಳೆ. ಅವನು ಅದರ ಧೂಳನ್ನು ಅಂಗಿಯಲ್ಲೇ ಒರೆಸಿ ಮೊಬೈಲಿನ ಮುಂದೆ ಹಿಡಿದ.

"ಬಂತು ನೋಡು!" ಎಂದು ಇಬ್ಬರೂ ಕೂಗಿದರು.

ಹಾಳೆ ನಿಟ್ಟುಸಿರು ಬಿಟ್ಟು ಮೊಬೈಲಿಗೆ ಮೆಲ್ಲಗೆ ಹೇಳಿತು: "ಸ್ವಲ್ಪ ಮೇಲೆ ಸರಿಯಿರಿ ಸ್ವಾಮಿ, ಟೋಪಿ ಪೂರ್ತಿ ನೀಲಿಯೊಳಗೆ ಬರಲಿ."